ಫ್ಯಾನ್ ಹಾಕಿದರೆ ಕೋಣೆ ತಂಪಾಗುತ್ತದೆಯೇ?

“ಫ್ಯಾನ್ ಆಫ್ ಮಾಡಬೇಡಿ, ಈಗ ಬಂದುಬಿಡ್ತೀನಿ, ಅಷ್ಟರಲ್ಲಿ ರೂಮು ತಣ್ಣಗಾಗಿರಲಿ.” ಬೇಸಿಗೆಯಲ್ಲಿ ಈ ಮಾತು ಕೇಳದ ಮನೆ ಅಪರೂಪ. ಫ್ಯಾನ್ ಕೆಳಗೆ ಕುಳಿತರೆ ಹಾಯೆನಿಸುತ್ತದೆ. ಹಾಗಾಗಿ ಅದು ಕೋಣೆಯನ್ನೇ ತಂಪು ಮಾಡುತ್ತಿದೆ ಎಂದುಕೊಳ್ಳುವುದು ಸಹಜ. ಆದರೆ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನ್ ಅಲ್ಲಿನ ಗಾಳಿಯನ್ನು ಅರ್ಧ ಡಿಗ್ರಿಯಷ್ಟೂ ತಂಪು ಮಾಡುವುದಿಲ್ಲ. ಮಾಡುವುದಾದರೆ ತುಸು ಬಿಸಿಯನ್ನೇ ಮಾಡುತ್ತದೆ.

ಬರೀ ಕರೆಂಟ್ ಬಿಲ್ಲಿನ ಪ್ರಶ್ನೆಯಾಗಿದ್ದರೆ ಇದನ್ನು ಇಷ್ಟು ಉದ್ದಕ್ಕೆ ಬರೆಯಬೇಕಾಗಿರಲಿಲ್ಲ. ಬಿರುಬೇಸಿಗೆಯಲ್ಲಿ, ಅದರಲ್ಲೂ ವಯಸ್ಸಾದವರಿರುವ ಮನೆಯಲ್ಲಿ, “ಫ್ಯಾನ್ ಹಾಕಿದೆಯಲ್ಲ, ಇನ್ನೇನು” ಎಂಬ ನೆಮ್ಮದಿ ಕೆಲವೊಮ್ಮೆ ಅಪಾಯಕ್ಕೆ ದಾರಿ ಮಾಡುತ್ತದೆ. ಫ್ಯಾನ್ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಹೈಸ್ಕೂಲಿನಲ್ಲಿ ಓದಿದ ಭೌತಶಾಸ್ತ್ರವೇ ಸಾಕು.

ಮೊದಲು ಒಂದು ಪರೀಕ್ಷೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದನ್ನು (ಜ್ವರ ನೋಡುವುದಲ್ಲ) ಫ್ಯಾನಿನ ನೇರ ಕೆಳಗೆ ಮೇಜಿನ ಮೇಲಿಡಿ. ಫ್ಯಾನ್ ಹಾಕದೆ ಹತ್ತು ನಿಮಿಷ ಬಿಟ್ಟು ಎಷ್ಟಿದೆ ಎಂದು ಬರೆದುಕೊಳ್ಳಿ. ಆಮೇಲೆ ಫ್ಯಾನನ್ನು 5ರಲ್ಲಿ ಹಾಕಿ ಇನ್ನೊಂದು ಹತ್ತು ನಿಮಿಷ ಕಾಯಿರಿ. ಪಾದರಸ ಇದ್ದಲ್ಲೇ ಇರುತ್ತದೆ. ಚಾವಣಿ ಚೆನ್ನಾಗಿ ಕಾದಿದ್ದರೆ, ಮೇಲೆ ಸೇರಿಕೊಂಡಿದ್ದ ಬಿಸಿ ಗಾಳಿ ಕೆಳಗಿಳಿದು ಒಂದು ಗೆರೆ ಮೇಲೇರಲೂಬಹುದು.

ಇದಕ್ಕೆ ಕಾರಣ ಶಕ್ತಿಯ ಸಂರಕ್ಷಣೆ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ವಿದ್ಯುತ್ ತಿನ್ನುತ್ತದೆ, ಅಂದರೆ ಸೆಕೆಂಡಿಗೆ 75 ಜೂಲ್. ಇದರಲ್ಲಿ ಒಂದಷ್ಟು ಮೋಟಾರಿನ ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಫ್ಯಾನ್ ನಿಲ್ಲಿಸಿದ ಕೂಡಲೇ ಅದರ ಗುಂಡನೆಯ ಹೊಟ್ಟೆ ಮುಟ್ಟಿದವರಿಗೆ ಇದು ಗೊತ್ತು. ಉಳಿದದ್ದು ಗಾಳಿಯ ಚಲನೆಯಾಗುತ್ತದೆ. ಆ ಗಾಳಿ ಗೋಡೆಗೆ, ನೆಲಕ್ಕೆ, ತನ್ನದೇ ಇತರ ಪದರಗಳಿಗೆ ಉಜ್ಜಿ ನಿಧಾನವಾಗುವಾಗ ಆ ಚಲನಶಕ್ತಿಯೂ ಕೊನೆಗೆ ಬಿಸಿಯೇ ಆಗುತ್ತದೆ. ಫ್ಯಾನಿನ ಕಿರ್ ಕಿರ್ ಸದ್ದು ಕೂಡ ಗೋಡೆಗೆ ಬಡಿದು ಬಿಸಿಯಾಗಿ ಮುಗಿಯುತ್ತದೆ. ಒಟ್ಟಿನಲ್ಲಿ ಮೀಟರಿನಲ್ಲಿ ಓಡಿದ 75 ವ್ಯಾಟ್ ಪೂರ್ತಿ ಶಾಖವಾಗಿ ಕೋಣೆಗೇ ಸೇರುತ್ತದೆ.

ಎಷ್ಟು ಶಾಖ? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 32 ಕಿಲೋ ಗಾಳಿ ಇರುತ್ತದೆ. (ಗಾಳಿಗೆ ಇಷ್ಟು ತೂಕವೇ ಎಂದು ಬೆರಗಾಗುವವರು ಲೆಕ್ಕ ಹಾಕಿ ನೋಡಬಹುದು. ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ.) ಒಂದು ಗಂಟೆ ಓಡಿದ ಫ್ಯಾನ್ 2 ಲಕ್ಷದ 70 ಸಾವಿರ ಜೂಲ್ ಶಾಖ ಬಿಡುತ್ತದೆ. ಇದಿಷ್ಟೂ ಆ ಗಾಳಿಯಲ್ಲೇ ಉಳಿದರೆ ಅದು ಸುಮಾರು 8 ಡಿಗ್ರಿ ಬಿಸಿಯಾಗಬೇಕು! ಹಾಗೆ ಆಗುವುದಿಲ್ಲ. ಏಕೆಂದರೆ ಗೋಡೆ, ನೆಲ, ಮಂಚ, ಬೀರುಗಳು ಬಹುಪಾಲನ್ನು ಹೀರಿಕೊಳ್ಳುತ್ತವೆ, ಕಿಟಕಿಯ ಸಂದಿಯಲ್ಲಿ ಒಂದಿಷ್ಟು ಹೊರಟುಹೋಗುತ್ತದೆ. ಆದರೂ ದಿಕ್ಕು ಅದೇ. ಫ್ಯಾನ್ ಎಂದರೆ ರೆಕ್ಕೆ ಇರುವ ಒಂದು ಪುಟ್ಟ ಹೀಟರ್.

“ತಂಪು” ಎಂಬ ವಸ್ತುವೇ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಯಾವ ಯಂತ್ರವೂ ಕೋಣೆಗೆ ತಂಪನ್ನು ಸುರಿಯುವುದಿಲ್ಲ. ಇರುವುದು ಶಾಖ ಮಾತ್ರ, ಅದನ್ನು ಆಚೆ ಸಾಗಿಸಬೇಕು. ಎಸಿ ಮಾಡುವುದು ಅದನ್ನೇ, ಅದಕ್ಕೇ ಅದರ ಹೊರಗಿನ ಪೆಟ್ಟಿಗೆ ಬೀದಿಗೆ ಬಿಸಿಗಾಳಿ ಉಗುಳುತ್ತದೆ. ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟು ತಂಪು ಮಾಡಿಕೊಳ್ಳುವ ಉಪಾಯ ಸೋಲುವುದೂ ಇದೇ ಕಾರಣಕ್ಕೆ. ಮುಂದಿನಿಂದ ತೆಗೆದ ಶಾಖವನ್ನು ಅದು ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ, ಜೊತೆಗೆ ಮೋಟಾರಿನ ಶಾಖವನ್ನೂ ಸೇರಿಸಿ.

ಹಾಗಾದರೆ ಹಾಯೆನಿಸುವುದು ಏಕೆ?

ಥರ್ಮಾಮೀಟರಿಗೂ ನಮಗೂ ಎರಡು ವ್ಯತ್ಯಾಸಗಳಿವೆ. ನಾವು ಒಳಗಿನಿಂದ ಬಿಸಿಯಾಗುತ್ತಿರುತ್ತೇವೆ, ಮತ್ತು ನಾವು ಬೆವರುತ್ತೇವೆ.

ಸುಮ್ಮನೆ ಕುಳಿತ ವಯಸ್ಕರ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತಲೇ ಇರುತ್ತದೆ, ಹಳೆಯ ಕಾಲದ ಬಲ್ಬ್ ಒಂದರಷ್ಟು. ಅದು ಹೊರಗೆ ಹೋಗಲೇಬೇಕು. ಇಲ್ಲದಿದ್ದರೆ ದೇಹದ ಒಳಗಿನ 37 ಡಿಗ್ರಿ ಏರುತ್ತಾ ಹೋಗುತ್ತದೆ. ಸೆಕೆಯಲ್ಲಿ ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ 28 ಡಿಗ್ರಿ ಇದ್ದರೆ ಶಾಖ ಚರ್ಮದಿಂದ ಗಾಳಿಗೆ ಹರಿಯುತ್ತದೆ. ಆದರೆ ಗಾಳಿ ಅಲುಗಾಡದೆ ನಿಂತಿದ್ದರೆ, ಮೈಗೆ ಅಂಟಿದ ಪದರವೇ ಬಿಸಿಯಾಗಿ ಒಂದು ತೆಳು ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಫ್ಯಾನ್ ಆ ಕಂಬಳಿಯನ್ನು ಎಳೆದು ಬಿಸಾಡಿ ಹೊಸ ಗಾಳಿಯನ್ನು ತರುತ್ತದೆ. ಸ್ಟೀಲ್ ಲೋಟದ ಕಾಫಿ ಫ್ಯಾನ್ ಕೆಳಗೆ ಬೇಗ ಆರುವುದಕ್ಕೂ ಇದು ಒಂದು ಕಾರಣ. ಹೀಗೆ ಗಾಳಿಯ ಓಡಾಟದಿಂದ ಶಾಖ ಸಾಗುವುದನ್ನು ಪಠ್ಯಪುಸ್ತಕಗಳು ಸಂವಹನ ಎನ್ನುತ್ತವೆ.

ಈ ಲೆಕ್ಕದಲ್ಲಿ ಒಂದು ಗಡಿ ಅಡಗಿದೆ. ಗಾಳಿ 35 ಡಿಗ್ರಿ ಮುಟ್ಟಿದಾಗ ಅದಕ್ಕೂ ಚರ್ಮಕ್ಕೂ ವ್ಯತ್ಯಾಸವೇ ಉಳಿಯದು. ಎಷ್ಟು ಬೀಸಿದರೂ ಈ ದಾರಿಯಲ್ಲಿ ಶಾಖ ಹೋಗುವುದಿಲ್ಲ. ಗಾಳಿ 42 ಡಿಗ್ರಿ ಆದರೆ ಹರಿವು ತಿರುಗಿಬೀಳುತ್ತದೆ, ಶಾಖ ಗಾಳಿಯಿಂದ ಮೈಗೆ ಬರುತ್ತದೆ. ಆಗ ಮೈಗೆ ಅಂಟಿದ ಆ ತೆಳು ಪದರ ನಮ್ಮನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತಿರುತ್ತದೆ. ಫ್ಯಾನ್ ಅದನ್ನೂ ಕಿತ್ತುಹಾಕಿ ಬಿಸಿಯನ್ನು ಇನ್ನೂ ಜೋರಾಗಿ ತುಂಬುತ್ತದೆ. ಬೈಕ್ ಓಡಿಸುವಾಗ ಮಧ್ಯಾಹ್ನದ ಗಾಳಿ ಮುಖಕ್ಕೆ ರಾಚುವುದು ಇದೇ ಅನುಭವ.

ಆಗ ಉಳಿಯುವ ದಾರಿ ಬೆವರು. ನೀರು ದ್ರವದಿಂದ ಆವಿಯಾಗಬೇಕಾದರೆ ಎಲ್ಲಿಂದಲೋ ಶಾಖ ಎಳೆದುಕೊಳ್ಳಬೇಕು. ಮೈಮೇಲಿನ ಬೆವರು ಅದನ್ನು ಚರ್ಮದಿಂದ ಎಳೆಯುತ್ತದೆ, ಒಂದು ಗ್ರಾಂ ಬೆವರಿಗೆ ಸುಮಾರು 2,400 ಜೂಲ್. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ, ಕುಳಿತ ಮನುಷ್ಯ ಆರೂವರೆ ಗಂಟೆಗಳಿಗೂ ಹೆಚ್ಚು ಕಾಲ ಹುಟ್ಟಿಸುವ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. “ಪೂರ್ತಿ ಆವಿಯಾದರೆ” ಎಂಬ ಮಾತು ಇಲ್ಲಿ ಮುಖ್ಯ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ, ಟವೆಲಿನಲ್ಲಿ ಒರೆಸಿ ಹಾಕಿದ ಬೆವರಿನಿಂದ ದೇಹಕ್ಕೆ ನಷ್ಟವೇ ಹೊರತು ಲಾಭವಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಇದ್ದಲ್ಲೇ ಉಳಿಯಿತು.

ಮಂಗಳೂರಿನ ಸೆಕೆ, ಕಲಬುರಗಿಯ ಬಿಸಿಲು

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿರುವುದು ಸುಮ್ಮನೆ ಅಲ್ಲ. ಕರಾವಳಿಯವರು “ಏನು ಸೆಕೆ ಮಾರಾಯ್ರೆ” ಎನ್ನುತ್ತಾರೆ. ಕಲಬುರಗಿ, ರಾಯಚೂರಿನ ಕಡೆ ಕೇಳುವುದು “ಏನ್ ಬಿಸಲ್ರೀ” ಎಂಬ ಮಾತು. ಫ್ಯಾನಿಗೂ ಈ ಎರಡು ಊರುಗಳು ಬೇರೆ ಬೇರೆಯೇ.

ಮಂಗಳೂರಿನಲ್ಲಿ ಗಾಳಿ 33 ಡಿಗ್ರಿ ಇದ್ದು, ತೇವಾಂಶ ಶೇಕಡಾ 70 ಇದೆ ಎಂದುಕೊಳ್ಳಿ. ಕಲಬುರಗಿಯಲ್ಲಿ 41 ಡಿಗ್ರಿ, ತೇವಾಂಶ ಶೇಕಡಾ 15. ಎರಡೂ ಏಪ್ರಿಲ್-ಮೇ ತಿಂಗಳ ಮಟ್ಟಿಗೆ ಅಸಹಜವಲ್ಲದ ಅಂಕಿಗಳು. ಮಂಗಳೂರಿನಲ್ಲಿ ಬೆವರಿಗೆ ಕೊರತೆಯಿಲ್ಲ, ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿರುತ್ತದೆ. ಅಲ್ಲಿನ ತೊಂದರೆ ಎಂದರೆ ಅದು ಆರುವುದಿಲ್ಲ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದೆ, ಮೈಸುತ್ತಲಿನ ಪದರದಲ್ಲಂತೂ ಇನ್ನೂ ಹೆಚ್ಚು. ಫ್ಯಾನ್ ಆ ತೇವದ ಪದರವನ್ನು ಸರಿಸಿದ ಕೂಡಲೇ ಆವಿಯಾಗುವ ವೇಗ ಏರುತ್ತದೆ. ಹಾಗಾಗಿ ಕರಾವಳಿಯಲ್ಲಿ ಕರೆಂಟ್ ಹೋದ ಮರುಕ್ಷಣವೇ ಮೈ ಕುದಿಯುವಂತಾಗುತ್ತದೆ. ಅಲ್ಲಿ ಫ್ಯಾನ್ ನಿಜಕ್ಕೂ ದೊಡ್ಡ ಉಪಕಾರಿ.

ಕಲಬುರಗಿಯಲ್ಲಿ ಕಥೆ ಉಲ್ಟಾ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಹೊರಬಂದ ಕ್ಷಣವೇ ಆರಿಹೋಗುತ್ತದೆ. “ನನಗೇನು ಬೆವರೇ ಬರ್ತಿಲ್ಲ” ಎಂದು ಹೇಳುವವರ ಕುತ್ತಿಗೆಯಲ್ಲಿ ಬಿಳಿ ಉಪ್ಪಿನ ಗೆರೆ ಕಾಣುವುದುಂಟು. ಬೆವರು ಬಂದಿದೆ, ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಎಲ್ಲ ಬೆವರೂ ಆಗಲೇ ಆವಿಯಾಗುತ್ತಿರುವಾಗ ಫ್ಯಾನ್ ಇನ್ನೇನನ್ನು ಆವಿ ಮಾಡಬೇಕು? ಅದು ಹೆಚ್ಚಿಸಬಲ್ಲದ್ದು ಒಂದೇ, ಬಿಸಿಗಾಳಿಯಿಂದ ಮೈಗೆ ಬರುವ ಶಾಖ. ಬಿಸಿಲ ನಾಡಿನಲ್ಲಿ ಫ್ಯಾನಿಗೆ ಬೇಕಾಗಿರುವುದು ನೀರು. ಅಂಗಿ ಒದ್ದೆ ಮಾಡಿಕೊಂಡು, ತಲೆಗೆ ಹಸಿ ಟವೆಲ್ ಸುತ್ತಿಕೊಂಡು ಅದೇ ಫ್ಯಾನ್ ಕೆಳಗೆ ಕುಳಿತರೆ ಎಂಥ ವ್ಯತ್ಯಾಸವೆಂದು ಒಮ್ಮೆ ನೋಡಬೇಕು.

ಇದನ್ನು ಅಳೆಯಲೂಬಹುದು. ಮೊದಲಿನ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನ್ ಗಾಳಿಗೆ ಹಿಡಿಯಿರಿ. ಈಗ ಪಾದರಸ ಇಳಿಯತೊಡಗುತ್ತದೆ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ಆರ್ದ್ರ ಬಲ್ಬ್ ತಾಪಮಾನ ಎನ್ನುತ್ತಾರೆ. ಬರೀ ನೀರು ಆವಿಯಾಗಿಸಿ ಎಲ್ಲಿಯವರೆಗೆ ತಂಪಾಗಬಹುದೋ ಅದರ ಕೊನೆಯ ಗೆರೆ ಅದು. ನಮ್ಮ ಎರಡು ಊರುಗಳ ಲೆಕ್ಕ ಹಾಕಿದರೆ ಮಂಗಳೂರಿನಲ್ಲಿ ಆ ಗೆರೆ ಸುಮಾರು 28 ಡಿಗ್ರಿ, ಕಲಬುರಗಿಯಲ್ಲಿ ಸುಮಾರು 21 ಡಿಗ್ರಿ. ಮಣ್ಣಿನ ಮಡಕೆಯ ಗುಟ್ಟೂ ಇದೇ. ಅದರ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರನ್ನು ಈ ಗೆರೆಯತ್ತ ಎಳೆಯುತ್ತದೆ. ರಾಯಚೂರಿನ ಮಡಕೆಯ ನೀರು ಹಲ್ಲು ಜುಮ್ಮೆನಿಸುವಂತಿದ್ದರೆ, ಅದೇ ಮಡಕೆ ಉಡುಪಿಯಲ್ಲಿ ಸಪ್ಪೆ. ಕುಂಬಾರನ ತಪ್ಪಲ್ಲ.

ಏರ್ ಕೂಲರ್ ಕೊಳ್ಳುವವರೂ ಇದನ್ನು ಗಮನಿಸಬೇಕು. ಒದ್ದೆ ಪ್ಯಾಡಿನ ಮೂಲಕ ಗಾಳಿ ಹಾಯಿಸುವ ಈ ಯಂತ್ರ ಉತ್ತರ ಕರ್ನಾಟಕದ ಒಣ ಬೇಸಿಗೆಯಲ್ಲಿ ಅದ್ಭುತ, ಕರಾವಳಿಯಲ್ಲಿ ದುಡ್ಡು ದಂಡ. ಅಲ್ಲಿ ಅದು ಮೂರ್ನಾಲ್ಕು ಡಿಗ್ರಿ ಇಳಿಸಲು ಹೋಗಿ ಕೋಣೆಯನ್ನು ಇನ್ನಷ್ಟು ತೇವ ಮಾಡುತ್ತದೆ. ಎಸಿಯಂತೆ ಕಿಟಕಿ-ಬಾಗಿಲು ಮುಚ್ಚಿ ಕೂಲರ್ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಕೂಲರಿಗೆ ಹೊರಗಿನ ಒಣ ಗಾಳಿ ಒಳಬರಬೇಕು, ಒಳಗಿನ ತೇವದ ಗಾಳಿ ಹೊರಹೋಗಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೆಲ್ಲ ಕಲಬುರಗಿಯೂ ಮಂಗಳೂರಾಗುತ್ತದೆ.

ಗಾಳಿಗೆ ಜಗ್ಗದ ಬಿಸಿ

ರಾತ್ರಿ ಹತ್ತು ಗಂಟೆ. ಹೊರಗೆ ತಂಗಾಳಿ ಬಂದಿದೆ, ಆದರೆ ಒಳಗೆ ಫ್ಯಾನ್ ಬೀಸಿದರೂ ಧಗೆ ಇಳಿದಿಲ್ಲ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಮಲಗುವವರಿಗೆ ಇದು ಚೆನ್ನಾಗಿ ಗೊತ್ತು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿಯ ಮೂಲಕ ಆ ಶಾಖ ಇಂಚಿಂಚಾಗಿ ಕೆಳಗಿಳಿದು ಒಳಗಿನ ಮೈಗೆ ತಲುಪುವುದು ಸಂಜೆಯ ಮೇಲೆ. ಇದು ವಹನ. ಅಲ್ಲಿಂದ ಮಂಚದವರೆಗೆ ಅದು ಬರುವುದು ಹೆಚ್ಚಾಗಿ ಗಾಳಿಯ ಮೂಲಕ ಅಲ್ಲ, ಕಣ್ಣಿಗೆ ಕಾಣದ ಅಲೆಗಳಾಗಿ.

ಬಿಸಿಯಿರುವ ಪ್ರತಿಯೊಂದು ವಸ್ತುವೂ ವಿದ್ಯುತ್ಕಾಂತೀಯ ಅಲೆಗಳನ್ನು ಹೊರಸೂಸುತ್ತದೆ. ಸೂರ್ಯನಂಥ ಉರಿಯುವ ವಸ್ತುವಾದರೆ ಅದರಲ್ಲಿ ಬಹಳಷ್ಟು ಕಣ್ಣಿಗೆ ಕಾಣುವ ಬೆಳಕು. ನಮ್ಮ ಮೈ, ಗೋಡೆ, ತಾರಸಿಗಳಂಥ ಹದವಾದ ಬಿಸಿಯ ವಸ್ತುಗಳಾದರೆ ಅವು ಹೆಚ್ಚು ಉದ್ದದ, ಕಣ್ಣಿಗೆ ಕಾಣದ ಅವಕೆಂಪು ಅಲೆಗಳು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಇಂಗ್ಲೆಂಡಿನಲ್ಲಿ ಪ್ರಿಸಮ್ಮಿನಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಪ್ರತಿ ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ಕೆಂಪಿನ ಆಚೆ, ಯಾವ ಬಣ್ಣವೂ ಕಾಣದ ಜಾಗದಲ್ಲಿ ಇಟ್ಟದ್ದು ಎಲ್ಲಕ್ಕಿಂತ ಹೆಚ್ಚು ಏರಿತು. ಅವಕೆಂಪು ಕಿರಣಗಳು ಪತ್ತೆಯಾದದ್ದು ಹಾಗೆ. ಒಲೆಯ ಮುಂದೆ ಕುಳಿತಾಗ ಮುಖಕ್ಕೆ ಮಾತ್ರ ಬಿಸಿ ತಟ್ಟಿ ಬೆನ್ನು ತಣ್ಣಗಿರುವುದು ಈ ಅಲೆಗಳಿಂದಲೇ.

ಗಾಳಿ ಬೀಸಿ ಬೆಳಕನ್ನು ಪಕ್ಕಕ್ಕೆ ತಳ್ಳಲು ಆಗುತ್ತದೆಯೇ? ಈ ಅಲೆಗಳನ್ನೂ ಆಗುವುದಿಲ್ಲ. ಅವು ಬೆಳಕಿನ ವೇಗದಲ್ಲಿ ಬರುತ್ತವೆ, ದಾರಿಯಲ್ಲಿ ಗಾಳಿ ಇದ್ದರೂ ಇಲ್ಲದಿದ್ದರೂ. ತಗಡಿನ ಶೀಟಿನ ಮನೆಗಳಲ್ಲಿ ಇದು ಇನ್ನೂ ಕಠಿಣ. ತೆಳುವಾದ ಶೀಟು ಮಧ್ಯಾಹ್ನವೇ ಕಾದ ಹಂಚಿನಂತಾಗಿ ನೇರ ತಲೆಯ ಮೇಲೆ ಬಿಸಿ ಸುರಿಸುತ್ತದೆ. ಇದನ್ನು ತಡೆಯಬೇಕಾದ ಜಾಗ ಶೀಟಿನ ಮೇಲ್ಭಾಗ. ತಾರಸಿಗೋ ಶೀಟಿಗೋ ಬಿಳಿ ಸುಣ್ಣ ಅಥವಾ ಬಿಸಿಲು ಪ್ರತಿಫಲಿಸುವ ಬಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಶೀಟಿನ ಕೆಳಗೆ ಒಂದಡಿ ಬಿಟ್ಟು ಚಾಪೆಯನ್ನೋ ಬಟ್ಟೆಯನ್ನೋ ಕಟ್ಟಿದರೂ ಅಲೆಗಳಿಗೆ ಒಂದು ಅಡ್ಡಗೋಡೆಯಾಗುತ್ತದೆ. (ಒಲೆಯ ಹತ್ತಿರ ಬೇಡ.) ಸುಣ್ಣದ ಖರ್ಚು ಒಂದು ಫ್ಯಾನಿನ ಬೆಲೆಗಿಂತ ಹೆಚ್ಚಾಗುವುದು ಕಡಿಮೆ. ಹೊಸ ಫ್ಯಾನ್ ಕೊಳ್ಳುವ ಮುಂಚೆ ಇದನ್ನು ಮಾಡಿ ಎಂದೇ ನನ್ನ ಸಲಹೆ.

ರಾತ್ರಿಯಾದರೆ ಫ್ಯಾನಿಗೆ ಇನ್ನೊಂದು ಕೆಲಸ ಕೊಡಬಹುದು. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಟೇಬಲ್ ಫ್ಯಾನನ್ನು ಒಂದು ಕಿಟಕಿಯ ಬಳಿ ಹೊರಮುಖವಾಗಿಟ್ಟು ಎದುರಿನ ಕಿಟಕಿ ತೆರೆಯಿರಿ. ಬಿಸಿ ಗಾಳಿ ಹೊರಗೆ, ತಂಪು ಗಾಳಿ ಒಳಗೆ. ಫ್ಯಾನ್ ಕೋಣೆಯನ್ನು ನಿಜವಾಗಿ ತಂಪು ಮಾಡುವುದು ಇಂಥ ಸಂದರ್ಭದಲ್ಲಿ ಮಾತ್ರ. ಬಯಲುಸೀಮೆಯಲ್ಲಾದರೆ ಬೆಳಗ್ಗೆ ಬಿಸಿಲೇರುವ ಮುಂಚೆ ಕಿಟಕಿ ಮುಚ್ಚಿ ಪರದೆ ಎಳೆಯುವುದು ಒಳ್ಳೆಯದು.

ಫ್ಯಾನ್ ಸಾಲದಾದಾಗ

ಗಾಳಿಯ ತಾಪಮಾನ 40 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಫ್ಯಾನ್ ಬಳಸಿ, ಅದಕ್ಕಿಂತ ಮೇಲೆ ಅದು ಮೈಯನ್ನು ಬಿಸಿ ಮಾಡುತ್ತದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಸಂಖ್ಯೆ ಒಂದು ಬಿರುಸು ಗೆರೆಯಲ್ಲ. ಚೆನ್ನಾಗಿ ಬೆವರುವ ಯುವಕನಿಗೆ ಅದು ಸ್ವಲ್ಪ ಆಚೆ, ಎಪ್ಪತ್ತೈದರ ಅಜ್ಜಿಗೆ ಬಹಳ ಈಚೆ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಬಿಪಿಗೆ ಕೊಡುವ ಮೂತ್ರವರ್ಧಕ ಮಾತ್ರೆಗಳು, ಕೆಲವು ಮಾನಸಿಕ ಕಾಯಿಲೆಗಳ ಔಷಧಗಳು ಇದನ್ನು ಇನ್ನಷ್ಟು ಕಷ್ಟ ಮಾಡುತ್ತವೆ. (ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ಬೇಸಿಗೆಗೆ ಮುಂಚೆ ವೈದ್ಯರನ್ನು ಕೇಳಿ.) ಶೀಟಿನ ಮನೆ, ಮುಚ್ಚಿದ ಕಿಟಕಿ, 43 ಡಿಗ್ರಿ ಒಣ ಗಾಳಿ, ತಲೆಯ ಮೇಲೆ ಜೋರಾಗಿ ತಿರುಗುವ ಫ್ಯಾನ್, ಕೆಳಗೆ ಸುಮ್ಮನೆ ಮಲಗಿರುವ ವೃದ್ಧರು. ನೋಡುವವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಭೌತಶಾಸ್ತ್ರದ ಕಣ್ಣಿನಲ್ಲಿ ಅದು ಬಿಸಿಗಾಳಿ ಆಡಿಸುವ ಬೇಕರಿ ಒಲೆಯ ಏರ್ಪಾಡು. ಅಂಥ ಹೊತ್ತಿನಲ್ಲಿ ಅವರ ಮೈ, ಬಟ್ಟೆ ಒದ್ದೆಯಾಗಿರಬೇಕು, ಕುಡಿಯಲು ಗಂಟೆಗೊಮ್ಮೆ ಏನಾದರೂ ಸಿಗುತ್ತಿರಬೇಕು. ಸಾಧ್ಯವಿದ್ದರೆ ಮಧ್ಯಾಹ್ನದ ಮೂರ್ನಾಲ್ಕು ಗಂಟೆ ಮರದ ನೆರಳಿರುವ, ದಪ್ಪ ಗೋಡೆಯ ಅಥವಾ ಕೆಳಮಹಡಿಯ ಜಾಗಕ್ಕೆ ಕರೆದೊಯ್ಯಬೇಕು.

ಮಾತು ತೊದಲುವುದು, ಇರುವ ಜಾಗವೇ ಗೊತ್ತಾಗದಂಥ ಗೊಂದಲ, ತೂರಾಡುವುದು, ಪ್ರಜ್ಞೆ ತಪ್ಪುವುದು, ಮುಟ್ಟಿದರೆ ಮೈ ಸುಡುವುದು, ಇವು ಕಂಡರೆ ಶಾಖಾಘಾತ ಎಂದೇ ತಿಳಿದು ತಕ್ಷಣ 108ಕ್ಕೆ ಕರೆ ಮಾಡಿ. ಮೈ ಒಣಗಿರಬೇಕೆಂದೇನೂ ಇಲ್ಲ, ಬಿಸಿಲಲ್ಲಿ ದುಡಿಯುವಾಗ ಬಿದ್ದವರು ಬೆವರಿನಲ್ಲಿ ತೊಯ್ದಿರಲೂಬಹುದು. ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ. ಜ್ವರದಲ್ಲಿ ಮಿದುಳೇ ದೇಹದ ತಾಪವನ್ನು ಏರಿಸಿರುತ್ತದೆ, ಮಾತ್ರೆ ಕೆಲಸ ಮಾಡುವುದು ಅಲ್ಲಿ. ಇಲ್ಲಿ ಶಾಖ ಹೊರಹೋಗದೆ ತುಂಬಿಕೊಂಡಿದೆ, ಮಾತ್ರೆಗೆ ಅದು ನಿಲುಕುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ನೀರು ಸುರಿಯಿರಿ. ಮಂಜುಗಡ್ಡೆ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಮೇಲೆ ಫ್ಯಾನನ್ನು ಹತ್ತಿರ ಎಳೆದು ಒದ್ದೆ ಮೈಗೆ ನೇರ ಹಿಡಿಯಿರಿ. ಕರೆಂಟ್ ಇಲ್ಲದಿದ್ದರೆ ಮೊರವೋ ರಟ್ಟೋ ಸಿಕ್ಕಿದ್ದರಲ್ಲಿ ಬೀಸಿ, ಮೈ ಆರುತ್ತಿದ್ದಂತೆ ಮತ್ತೆ ನೀರು ಹಾಕಿ, ಆಂಬುಲೆನ್ಸ್ ಬರುವವರೆಗೂ.